ದಿನಾ ಒಂದು ಚಮಚ ಆಂಟಿಬಯೋಟಿಕ್: ಅರವತ್ತು ವರ್ಷದ ಒಂದು ಪ್ರಶ್ನೆ

ಮಗುವಿಗೆ ಜ್ವರ ಇಲ್ಲ, ಆಟ ಆಡಿಕೊಂಡಿದೆ. ಆದರೂ ದಿನಾ ರಾತ್ರಿ ಮಲಗುವ ಮುಂಚೆ ಆಂಟಿಬಯೋಟಿಕ್ ಸಿರಪ್ ಕುಡಿಸಬೇಕು. ಅದೂ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ. ಬೆಳಗಾವಿಯ ಆಸ್ಪತ್ರೆಯಿಂದ ಇಂಥ ಚೀಟಿ ಹಿಡಿದು ಖಾನಾಪುರದ ಕಡೆ ಮರಳುವ ತಂದೆ-ತಾಯಿಗೆ ಸಹಜವಾಗಿಯೇ ಒಂದು ಪ್ರಶ್ನೆ ಬರುತ್ತದೆ: ಆರಾಮ ಇರುವ ಕೂಸಿಗೆ ಔಷಧ ಯಾಕೆ? ವೈದ್ಯರೂ ಇದೇ ಪ್ರಶ್ನೆಯನ್ನು ಅರವತ್ತು ವರ್ಷದಿಂದ ಕೇಳಿಕೊಳ್ಳುತ್ತಿದ್ದಾರೆ. ಆ ಕಥೆಯನ್ನು ನಾವು ಇಲ್ಲಿ ಹೇಳುತ್ತೇವೆ.

ಮೊದಲು ತೊಂದರೆ ಏನೆಂದು ನೋಡೋಣ. ಮೂತ್ರ ಕಿಡ್ನಿಯಿಂದ ಸಣ್ಣ ನಳಿಗೆಯಲ್ಲಿ ಇಳಿದು ಮೂತ್ರಕೋಶ ಸೇರುತ್ತದೆ. ಸೇರುವ ಜಾಗದಲ್ಲಿ ನಮ್ಮ ಪಂಪ್‌ಸೆಟ್ಟಿನ ಫುಟ್‌ವಾಲ್ವಿನಂಥ ಏರ್ಪಾಡು ಇದೆ. ಮೂತ್ರ ವಾಪಸ್ ಏರಲು ಬಿಡುವುದಿಲ್ಲ. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಇದು ಸಡಿಲ. ಆಗ ಮೂತ್ರ ಹಿಂದಕ್ಕೆ, ಕಿಡ್ನಿಯ ಕಡೆ ಹರಿಯುತ್ತದೆ. ವೈದ್ಯರು ಇದನ್ನು ರಿಫ್ಲಕ್ಸ್ ಎನ್ನುತ್ತಾರೆ. ತೀವ್ರತೆ ನೋಡಿ 1ರಿಂದ 5ರವರೆಗೆ ಗ್ರೇಡ್ ಕೊಡುತ್ತಾರೆ. ಮೂತ್ರದಲ್ಲಿ ಸೋಂಕು ಇದ್ದರೆ ಅದೂ ಮೇಲೇರಿ ಕಿಡ್ನಿಯಲ್ಲಿ ಕಲೆ ಉಳಿಸಬಹುದು.

1952ರಲ್ಲಿ ಅಮೆರಿಕದ ಜಾನ್ ಹಚ್ ಎಂಬ ವೈದ್ಯರು ಬೆನ್ನುಹುರಿಗೆ ಪೆಟ್ಟಾದ ರೋಗಿಗಳಲ್ಲಿ ಈ ಹಿಮ್ಮುಖ ಹರಿವನ್ನು ವಿವರಿಸಿದರು. 1960ರಲ್ಲಿ ಬ್ರಿಟನ್ನಿನ ಹಾಡ್ಸನ್ ಮತ್ತು ಎಡ್ವರ್ಡ್ಸ್ ಎಕ್ಸ್‌ರೇ ನೋಡಿ, ಕಿಡ್ನಿಯ ಕಲೆಗೂ ರಿಫ್ಲಕ್ಸಿಗೂ ನಂಟು ತೋರಿಸಿದರು. ಸೋಂಕು ಬಾರದಂತೆ ತಡೆದರೆ ಕಿಡ್ನಿ ಉಳಿಯುತ್ತದೆ ಎಂಬ ಆಸೆ ಹುಟ್ಟಿದ್ದು ಅಲ್ಲಿಂದ. 1968ರಲ್ಲಿ ಬ್ರಿಟನ್ನಿನಲ್ಲಿ ಕೋ-ಟ್ರೈಮಾಕ್ಸಜೋಲ್ ಬಳಕೆಗೆ ಬಂತು. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಸೆಪ್ಟ್ರಾನ್ ಎಂದು ಸಿಗುವುದು ಇದೇ ಔಷಧ. ಲಂಡನ್ನಿನ ಮಕ್ಕಳ ವೈದ್ಯೆ ಜೀನ್ ಸ್ಮೆಲ್ಲಿ, ಸಣ್ಣ ಡೋಸ್ ದಿನಾ ಕೊಡುವ ಪದ್ಧತಿಯನ್ನು ಬೆಳೆಸಿದರು. ಮಕ್ಕಳು ಬೆಳೆದಂತೆ ಎಷ್ಟೋ ಜನರಲ್ಲಿ ರಿಫ್ಲಕ್ಸ್ ತಾನೇ ವಾಸಿಯಾಗುವುದನ್ನೂ ಅವರ ತಂಡ ಕಂಡಿತು. ಅಲ್ಲಿಯವರೆಗೆ ಔಷಧ ಕಾವಲು ಕಾಯಲಿ ಎಂಬುದು ಲೆಕ್ಕ.

ಆಪರೇಷನ್ ಮೇಲೋ, ಔಷಧ ಮೇಲೋ? 1987ರಲ್ಲಿ ಬರ್ಮಿಂಗ್‌ಹ್ಯಾಮ್ ತಂಡ ಐದು ವರ್ಷದ ಫಲಿತಾಂಶ ಕೊಟ್ಟಿತು: ಕಿಡ್ನಿಯ ಮಟ್ಟಿಗೆ ಎರಡೂ ಹೆಚ್ಚುಕಡಿಮೆ ಒಂದೇ. ದಿನದ ಔಷಧ ಎಲ್ಲೆಡೆ ರೂಢಿಯಾಯಿತು. ಆದರೆ ಏನೂ ಕೊಡದೆ ಬಿಟ್ಟ ಮಕ್ಕಳ ಜೊತೆ ಹೋಲಿಸಿ ನೋಡುವ ಕೆಲಸ ದೊಡ್ಡ ಪ್ರಮಾಣದಲ್ಲಿ ಆಗಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು.

ಈ ನಡುವೆ ನಮ್ಮ ಜಿಲ್ಲೆಯಲ್ಲೂ ವೈದ್ಯಕೀಯ ಬೆಳೆಯಿತು. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು 1963ರಲ್ಲಿ, ಸರ್ಕಾರಿ ಬಿಮ್ಸ್ 2005ರಲ್ಲಿ ಶುರುವಾದವು. ಮಕ್ಕಳ ಮೂತ್ರನಾಳವನ್ನು ಮತ್ತೆ ಜೋಡಿಸುವ ಆಪರೇಷನ್ ಬಗ್ಗೆ ಬೆಳಗಾವಿಯ ವೈದ್ಯರೇ ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಬರೆದಿದ್ದಾರೆ.

2014ರಲ್ಲಿ ಅಮೆರಿಕದ 607 ಮಕ್ಕಳ ಅಧ್ಯಯನ ಹೊರಬಂತು. ಔಷಧ ಪಡೆದ 302 ಮಕ್ಕಳಲ್ಲಿ 39 ಮಂದಿಗೆ, ಖಾಲಿ ಸಿರಪ್ ಪಡೆದ 305 ಮಕ್ಕಳಲ್ಲಿ 72 ಮಂದಿಗೆ ಸೋಂಕು ಮರುಕಳಿಸಿತ್ತು. ಸೋಂಕು ಸುಮಾರು ಅರ್ಧಕ್ಕೆ ಇಳಿದಂತಾಯಿತು. ಆದರೆ ಕಿಡ್ನಿಯ ಕಲೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮತ್ತೆ ಇ-ಕೋಲಿ ಸೋಂಕು ಬಂದವರಲ್ಲಿ, ಔಷಧ ಪಡೆದವರ ಪೈಕಿ ಶೇ 63ರಷ್ಟು ಮಕ್ಕಳ ರೋಗಾಣು ಆ ಔಷಧಕ್ಕೆ ಬಗ್ಗುತ್ತಿರಲಿಲ್ಲ. ಪಡೆಯದವರಲ್ಲಿ ಇದು ಶೇ 19 ಮಾತ್ರ.

2015ರಲ್ಲಿ ದೆಹಲಿಯ ಏಮ್ಸ್ ವೈದ್ಯರು ನಮ್ಮ ದೇಶದ 93 ಮಕ್ಕಳ ಫಲಿತಾಂಶ ಪ್ರಕಟಿಸಿದರು. ಅಲ್ಲಿ ಉಲ್ಟಾ ಆಗಿತ್ತು. ಔಷಧ ಪಡೆದವರಲ್ಲಿ 10 ಮಕ್ಕಳಿಗೆ, ಪಡೆಯದವರಲ್ಲಿ 3 ಮಕ್ಕಳಿಗೆ ಸೋಂಕು ಬಂತು. 2023ರಲ್ಲಿ ಯುರೋಪಿನ 292 ಹಸುಗೂಸುಗಳ ಅಧ್ಯಯನ ಬಂತು. ಎಲ್ಲವೂ 3ರಿಂದ 5ನೇ ಗ್ರೇಡಿನವು. ಸೋಂಕು ಶೇ 36ರಿಂದ 21ಕ್ಕೆ ಇಳಿದರೂ ಕಲೆಯಲ್ಲಿ ವ್ಯತ್ಯಾಸ ಇರಲಿಲ್ಲ.

ಹಾಗಾಗಿ ಈಗ ಎಲ್ಲ ಮಕ್ಕಳಿಗೂ ಈ ಔಷಧ ಬರೆಯುವುದಿಲ್ಲ. ಹೆಚ್ಚಿನ ಗ್ರೇಡ್ ಇರುವವರಿಗೆ, ಪದೇ ಪದೇ ಸೋಂಕು ಬರುವವರಿಗೆ, ಮಲಬದ್ಧತೆ ಇದ್ದು ಮೂತ್ರ ತಡೆದುಕೊಳ್ಳುವ ಮಕ್ಕಳಿಗೆ ಅದು ಬೇಕಾಗಬಹುದು. ಶೌಚಾಲಯ ಸರಿಯಿಲ್ಲದ ಶಾಲೆಯಲ್ಲಿ ಸಂಜೆಯವರೆಗೆ ಮೂತ್ರ ತಡೆದುಕೊಳ್ಳುವ ಹೆಣ್ಣುಮಕ್ಕಳನ್ನು ಇಲ್ಲಿ ಮರೆಯಬಾರದು. ಆ ಕೊರತೆಯನ್ನು ಸಿರಪ್ ತುಂಬಲಾರದು.

ಖಾನಾಪುರಕ್ಕೆ ಇನ್ನೊಂದು ಮಾತು ಸೇರಿಸಬೇಕು. ಅಧ್ಯಯನಗಳಲ್ಲಿದ್ದ ಮಕ್ಕಳನ್ನು ಜ್ವರ ಬಂದ ಕೂಡಲೇ ಪರೀಕ್ಷಿಸುವ ಏರ್ಪಾಡು ಇತ್ತು. ಖಾನಾಪುರ ಪಟ್ಟಣದಿಂದ ಬೆಳಗಾವಿಗೆ ಸುಮಾರು 25 ಕಿ.ಮೀ. ಆದರೆ ಕಾಡಿನೊಳಗಿನ ಆಮಗಾಂವದಂಥ ಊರಿನಿಂದ ಮಳೆಗಾಲದಲ್ಲಿ ರೋಗಿಯನ್ನು ಹೊತ್ತು ತರಬೇಕಾದ ಸುದ್ದಿ ನಾವೆಲ್ಲ ಓದಿದ್ದೇವೆ. ಸೋಂಕಿನ ಚಿಕಿತ್ಸೆ ತಡವಾದಷ್ಟೂ ಕಲೆಯ ಭಯ ಹೆಚ್ಚು. ನಿಮ್ಮ ಊರಿನಿಂದ ಆಸ್ಪತ್ರೆಗೆ ಎಷ್ಟು ಹೊತ್ತು ಬೇಕು ಎಂಬುದನ್ನು ವೈದ್ಯರಿಗೆ ಹೇಳಿ. ಔಷಧ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವಾಗ ಅದೂ ಲೆಕ್ಕಕ್ಕೆ ಬರಬೇಕು.

ಮನೆಯಲ್ಲಿ ಇಂಥ ಸಿರಪ್ ನಡೆಯುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಮುಂದಿನ ಸಲ ಹೋದಾಗ ಮೂರು ಮಾತು ಕೇಳಿ: ನಮ್ಮ ಮಗುವಿನ ಗ್ರೇಡ್ ಎಷ್ಟು? ಔಷಧ ಎಷ್ಟು ದಿನ? ನಿಲ್ಲಿಸುವುದು ಯಾವುದನ್ನು ನೋಡಿ? ಕಾರಣ ತಿಳಿಯದ ಜ್ವರ ಬಂದರೆ ಅದೇ ದಿನ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹೊಸ ಆಂಟಿಬಯೋಟಿಕ್ ಶುರು ಮಾಡುವ ಮೊದಲೇ ಮೂತ್ರದ ಸ್ಯಾಂಪಲ್ ತೆಗೆದುಕೊಳ್ಳಲು ಹೇಳಿ. ಎಕ್ಸ್‌ರೇ, ಸ್ಕ್ಯಾನ್, ಹಳೆಯ ಚೀಟಿ ಎಲ್ಲವನ್ನೂ ಒಂದೇ ಚೀಲದಲ್ಲಿಟ್ಟು ಜೊತೆಗೆ ಒಯ್ಯಿರಿ.