ಮರದ ಸತ್ತ್ವವೂ ಮೈಯ ಬಣ್ಣವೂ

“ಸಸ್ಯಮೂಲದ್ದು, ಆದ್ದರಿಂದ ನಿರಪಾಯಕರ” ಎಂಬ ಮಾತು ಮದುವೆಯ ಸಿದ್ಧತೆ ನಡೆದಿರುವ ಮನೆಗಳಲ್ಲಿ ನನ್ನ ಕಿವಿಗೆ ಆಗಾಗ ಬೀಳುತ್ತದೆ. ಇಲ್ಲಿನ ‘ಆದ್ದರಿಂದ’ ಎಂಬ ಪದ ಎಷ್ಟು ದುರ್ಬಲವೆಂಬುದಕ್ಕೆ ಜಪಾನಿನಲ್ಲಿ ನಡೆದ ಒಂದು ಪ್ರಸಂಗವೇ ಸಾಕ್ಷಿ.

ವಿಜ್ಞಾನದ ತರಗತಿಯಲ್ಲಿ ಹೇಳುತ್ತಿದ್ದ ಪಾಠ ನನ್ನ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನೆನಪಿರಬಹುದು. ಚರ್ಮದ ಮೆಲನೋಸೈಟ್ ಎಂಬ ಜೀವಕೋಶಗಳಲ್ಲಿ ಟೈರೋಸಿನೇಸ್ ಎಂಬ ಕಿಣ್ವವು ಟೈರೋಸಿನ್ ಎಂಬ ಅಮೈನೋ ಆಮ್ಲವನ್ನು ಮಾರ್ಪಡಿಸುವುದರೊಡನೆ ಮೆಲನಿನ್ ವರ್ಣಕದ ತಯಾರಿಕೆ ಆರಂಭವಾಗುತ್ತದೆ. ಈ ಕಿಣ್ವದ ಕೆಲಸಕ್ಕೆ ಅಡ್ಡಿಪಡಿಸುವ ಸಂಯುಕ್ತಗಳು ಅನೇಕ ಸಸ್ಯಗಳಲ್ಲಿವೆ. ಬೇರ್‌ಬೆರಿ ಎಂಬ ಶೀತವಲಯದ ಪೊದೆಯ ಎಲೆಯಲ್ಲಿರುವ ಆರ್ಬುಟಿನ್, ನಾವು ಕೆಮ್ಮಿಗೆ ಬಳಸುವ ಜ್ಯೇಷ್ಠಮಧುವಿನ ಬೇರಿನಲ್ಲಿರುವ ಗ್ಲಾಬ್ರಿಡಿನ್ ಅಂಥವು.

ಜಪಾನಿನ ನಿಕ್ಕೋ ಮೇಪಲ್ ಮರದಲ್ಲಿ ರೋಡೋಡೆಂಡ್ರಾಲ್ ಎಂಬ ಇಂತಹುದೇ ಸಂಯುಕ್ತವಿದೆ. ಕಾನೆಬೋ ಸಂಸ್ಥೆಯು ಅದನ್ನು ಶೇಕಡಾ 2ರ ಪ್ರಮಾಣದಲ್ಲಿ ಬೆರೆಸಿದ ಲೇಪನಗಳನ್ನು, ಸರ್ಕಾರದ ಅನುಮತಿ ಪಡೆದು, 2008ರಿಂದ ಮಾರಿತು. ಕೆಲವು ವರ್ಷಗಳಲ್ಲಿ ಬಳಕೆದಾರರ ಮುಖ, ಕುತ್ತಿಗೆ, ಕೈಗಳ ಮೇಲೆ ತೊನ್ನಿನಂತಹ ಬಿಳಿಯ ಕಲೆಗಳು ಕಾಣಿಸಿಕೊಂಡವು. 2011ರಲ್ಲೇ ದೂರು ಬಂದಿದ್ದರೂ ಅದು ಬಳಕೆದಾರರ ಕಾಯಿಲೆಯೆಂದು ಸಂಸ್ಥೆ ಭಾವಿಸಿತು. 2013ರ ಜುಲೈನಲ್ಲಿ 54 ಬಗೆಯ ಉತ್ಪನ್ನಗಳನ್ನು ಹಿಂತೆಗೆದುಕೊಳ್ಳಲಾಯಿತು. ಹಾನಿಗೊಳಗಾದವರ ಸಂಖ್ಯೆ 19,000ವನ್ನು ಮೀರಿತು. ಹಲವರಿಗೆ ಬಣ್ಣ ಕ್ರಮೇಣ ಮರಳಿತು. ಕೆಲವರಿಗೆ ಪೂರ್ತಿಯಾಗಿ ಮರಳಲಿಲ್ಲ.

ಕಾರಣವನ್ನು ಅನಂತರದ ಸಂಶೋಧನೆ ತೋರಿಸಿತು. ಟೈರೋಸಿನೇಸ್ ಈ ಸಂಯುಕ್ತದಿಂದ ತಡೆಗೊಳ್ಳುವುದಷ್ಟೇ ಅಲ್ಲದೆ, ಟೈರೋಸಿನ್ನಿನಂತೆಯೇ ಅದನ್ನೂ ಮಾರ್ಪಡಿಸುತ್ತದೆ. ಆಗ ಹುಟ್ಟುವ ಕ್ವಿನೋನುಗಳು ವರ್ಣಕೋಶಕ್ಕೇ ವಿಷವಾಗುತ್ತವೆ. ಇಂತಹ ಅಪಾಯ ಹೊಸದೂ ಆಗಿರಲಿಲ್ಲ. 1939ರಲ್ಲಿಯೇ ಅಮೆರಿಕದ ಚರ್ಮ ಹದಮಾಡುವ ಕಾರ್ಖಾನೆಯೊಂದರ ಕಾರ್ಮಿಕರ ಕೈಗಳು, ರಬ್ಬರ್ ಕೈಗವಸಿನಲ್ಲಿದ್ದ ಹೈಡ್ರೋಕ್ವಿನೋನ್ ಸಂಬಂಧಿ ರಾಸಾಯನಿಕದಿಂದ ಬಣ್ಣಗೆಟ್ಟದ್ದು ವರದಿಯಾಗಿತ್ತು.

ಒಂದು ವಸ್ತು ಮರದಲ್ಲಿ ಹುಟ್ಟಿತೋ ಕಾರ್ಖಾನೆಯಲ್ಲೋ ಎಂಬುದನ್ನು ಜೀವಕೋಶವು ವಿಚಾರಿಸುವುದಿಲ್ಲ. ತೊನ್ನಿನ ಕಲೆಯೊಂದು ಕಂಡರೆ ಹೆಣ್ಣಿನ ಸಂಬಂಧವನ್ನೇ ಮುರಿಯುವ ನಮ್ಮ ಸಮಾಜವು, ಅದೇ ಹೆಣ್ಣಿನ ಸಹಜವಾದ ಕಪ್ಪನ್ನು ತೊಳೆಯಲು ಹೊರಟಿರುವುದು ನನಗೆ ವ್ಯಥೆಯನ್ನುಂಟುಮಾಡುತ್ತದೆ. ಈಗ ತಾಯ್ತಂದೆಯರಾಗಿರುವ ನನ್ನ ವಿದ್ಯಾರ್ಥಿಗಳಲ್ಲಿ ನನ್ನದೊಂದೇ ಕೋರಿಕೆ: ಲೇಪನದ ಡಬ್ಬಿ ಮನೆಗೆ ಬರುವ ಮುನ್ನ, ಆ ಮಗುವಿನ ಬಣ್ಣದಲ್ಲಿ ತಿದ್ದಬೇಕಾದ ದೋಷವೇನಿದೆಯೆಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ.