ಸೂಪರ್‌ಮ್ಯಾನ್

ಜೆರಿ ಸೀಗೆಲ್ ಎಂಬ ಲೇಖಕರೂ ಜೋ ಶುಸ್ಟರ್ ಎಂಬ ಚಿತ್ರಕಾರರೂ ಸೃಷ್ಟಿಸಿದ, 1938ರಲ್ಲಿ 'ಆಕ್ಷನ್ ಕಾಮಿಕ್ಸ್' ಪತ್ರಿಕೆಯ ಪ್ರಥಮ ಸಂಚಿಕೆಯಲ್ಲಿ ಅವತರಿಸಿದ ಅಮೆರಿಕದ ಚಿತ್ರಕಥಾನಾಯಕ. ಮೂಲಸ್ವಭಾವವು ಕಾಲಕ್ರಮದಲ್ಲಿ ಮಾರ್ಪಟ್ಟ ಅತಿಮಾನುಷ ಪಾತ್ರಗಳಿಗೆ ಪ್ರಮುಖ ನಿದರ್ಶನ. ಆರ್ಥಿಕ ಮುಗ್ಗಟ್ಟಿನ ದಶಕದಲ್ಲಿ ಜನ್ಮತಳೆದ ಈತನು ಆದಿಯಲ್ಲಿ ಹಾರಲರಿಯದೆ, ಮೈಲಿಯ ಎಂಟನೆಯ ಒಂದು ಭಾಗದಷ್ಟು ದೂರ ನೆಗೆಯಬಲ್ಲವನು ಮಾತ್ರವಾಗಿದ್ದು, ಪತ್ನಿಪೀಡಕರನ್ನೂ ಭ್ರಷ್ಟ ರಾಜಕಾರಣಿಗಳನ್ನೂ ದಂಡಿಸುತ್ತ, ಕಾರ್ಮಿಕರ ಸುರಕ್ಷತೆಯನ್ನು ಕಡೆಗಣಿಸಿದ ಗಣಿಯೊಡೆಯನನ್ನು ಅದೇ ಗಣಿಯೊಳಗೆ ಸಿಲುಕಿಸಿ ಬುದ್ಧಿಗಲಿಸಿದ, ಕಾನೂನನ್ನು ಲೆಕ್ಕಿಸದ ಉಗ್ರ ಸುಧಾರಕನಾಗಿದ್ದನು. 1940ರಲ್ಲಿ ಆರಂಭವಾದ ರೇಡಿಯೋ ಧಾರಾವಾಹಿ, 1941ರಿಂದ ಹೊರಬಂದ ಫ್ಲೈಷರ್ ಸ್ಟುಡಿಯೋದ ವ್ಯಂಗ್ಯಚಲಚ್ಚಿತ್ರಗಳು, ಇವುಗಳ ಪ್ರಭಾವದಿಂದ ಹಾರಾಟವು ಆತನ ಸಹಜಶಕ್ತಿಯೆನಿಸಿತು. ಪ್ರಕಾಶಕರ ಎಚ್ಚರಿಕೆ, ಯುದ್ಧಕಾಲದ ದೇಶಾಭಿಮಾನ, 1954ರ ಕಾಮಿಕ್ಸ್ ನೀತಿಸಂಹಿತೆ ಇವು ಆತನನ್ನು ಶಾಸನಪಾಲಕ ಸಜ್ಜನನನ್ನಾಗಿಸಿದುವು. ಬಲವು ಬೆಳೆದಂತೆಲ್ಲ ಕಥೆಗೆ ಬೇಕಾದ ತೊಡಕೇ ಕ್ಷೀಣಿಸಿತೆನ್ನಬೇಕು. ರೇಡಿಯೋದಲ್ಲಿ 1943ರಲ್ಲೂ ಚಿತ್ರಕಥೆಯಲ್ಲಿ 1949ರಲ್ಲೂ ಕಾಣಿಸಿಕೊಂಡ, ಆತನನ್ನು ದುರ್ಬಲಗೊಳಿಸುವ ಕ್ರಿಪ್ಟೊನೈಟ್ ಎಂಬ ಕಲ್ಪಿತ ವಸ್ತು ಆ ಕೊರತೆಯನ್ನು ಕೆಲಮಟ್ಟಿಗೆ ನೀಗಿತು. 1986ರಲ್ಲಿ ಲೇಖಕ-ಚಿತ್ರಕಾರ ಜಾನ್ ಬರ್ನ್ ಆತನ ಶಕ್ತಿಗಳನ್ನು ತಗ್ಗಿಸಿ ಕಥೆಯನ್ನು ಪುನರಾರಂಭಿಸಿದರು. ಪಾತ್ರದ ಸ್ವಾಮ್ಯವು ಪ್ರಕಾಶನಸಂಸ್ಥೆಯದಾಗಿ, ಒಬ್ಬರ ತರುವಾಯ ಮತ್ತೊಬ್ಬರು ಬರೆಯುತ್ತ ಬಂದುದೇ ಈ ಪರಿವರ್ತನೆಗೆ ಮುಖ್ಯಕಾರಣ. ಸೀಗೆಲ್, ಶುಸ್ಟರ್ ಇಬ್ಬರೂ 1938ರಲ್ಲಿಯೇ 130 ಡಾಲರಿಗೆ ಹಕ್ಕನ್ನು ಬಿಟ್ಟುಕೊಟ್ಟಿದ್ದರು.