ಮಾನವ ಕಳ್ಳಸಾಗಣೆ ತಡೆ: ರಾಜ್ಯ ವಿಧಾನಮಂಡಲದ ಮೇಲ್ವಿಚಾರಣೆ ಮತ್ತು ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಭಾರತ ಸಂವಿಧಾನದ 23ನೇ ಅನುಚ್ಛೇದವು ಮಾನವ ಕಳ್ಳಸಾಗಣೆ, ಬಿಟ್ಟಿ ಚಾಕರಿ ಹಾಗೂ ಬಲವಂತದ ದುಡಿಮೆಯನ್ನು ನಿಷೇಧಿಸಿದೆ. ಪೊಲೀಸ್ ಆಡಳಿತವು ಸಂವಿಧಾನದ ಏಳನೇ ಅನುಸೂಚಿಯಂತೆ ರಾಜ್ಯಪಟ್ಟಿಗೆ ಸೇರಿದ ವಿಷಯವಾಗಿದೆ. ಆದುದರಿಂದ ಸಂತ್ರಸ್ತರ ರಕ್ಷಣೆ, ತನಿಖೆ ಮತ್ತು ಪುನರ್ವಸತಿಯ ಹೊಣೆಯು ಬಹುಪಾಲು ರಾಜ್ಯ ಸರ್ಕಾರದ್ದಾಗಿರುತ್ತದೆ. ಈ ಹೊಣೆಯನ್ನು ನಿರ್ವಹಿಸಿದ ಬಗ್ಗೆ ಸರ್ಕಾರವು ವಿಧಾನಮಂಡಲಕ್ಕೆ ಉತ್ತರದಾಯಿಯಾಗಿರುತ್ತದೆ.

2. ಕಾನೂನಿನ ಚೌಕಟ್ಟು

ಅನೈತಿಕ ವ್ಯವಹಾರ (ತಡೆ) ಅಧಿನಿಯಮ, 1956 ಮತ್ತು ಜೀತ ಕಾರ್ಮಿಕ ಪದ್ಧತಿ (ರದ್ದಿಯಾತಿ) ಅಧಿನಿಯಮ, 1976 ಈ ವಿಷಯಕ್ಕೆ ಸಂಬಂಧಿಸಿದ ಪ್ರಮುಖ ಕೇಂದ್ರ ಕಾನೂನುಗಳಾಗಿವೆ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಅಧಿನಿಯಮವನ್ನು ಕರ್ನಾಟಕ ವಿಧಾನಮಂಡಲವು 1982ರಲ್ಲಿ ರೂಪಿಸಿತು.

ದಿನಾಂಕ 1-7-2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ, 2023ರ 143ನೇ ಪ್ರಕರಣದಂತೆ ಈ ಅಪರಾಧಕ್ಕೆ 7ರಿಂದ 10 ವರ್ಷಗಳವರೆಗೆ ಕಠಿಣ ಕಾರಾವಾಸ ಮತ್ತು ಜುಲ್ಮಾನೆ ವಿಧಿಸಬಹುದಾಗಿದೆ. ಸಂತ್ರಸ್ತರು ಮಕ್ಕಳಾಗಿದ್ದಲ್ಲಿ ಕನಿಷ್ಠ ಶಿಕ್ಷೆ 10 ವರ್ಷಗಳಾಗಿರುತ್ತದೆ. ಸಂತ್ರಸ್ತರು ಒಪ್ಪಿಗೆ ನೀಡಿದ್ದರೆಂಬ ವಾದವನ್ನು ಕಾನೂನು ಪುರಸ್ಕರಿಸುವುದಿಲ್ಲ. ಅಪರಾಧದಲ್ಲಿ ಸರ್ಕಾರಿ ನೌಕರರಾಗಲಿ ಪೊಲೀಸ್ ಅಧಿಕಾರಿಯಾಗಲಿ ಭಾಗಿಯಾಗಿದ್ದಲ್ಲಿ ಅವರಿಗೆ ಜೀವಮಾನಪರ್ಯಂತ ಕಾರಾವಾಸ ವಿಧಿಸಲಾಗುವುದು.

ರಕ್ಷಣೆ ಮತ್ತು ಪುನರ್ವಸತಿಯನ್ನೂ ಒಳಗೊಂಡ ಸಮಗ್ರ ವಿಧೇಯಕವನ್ನು ಲೋಕಸಭೆಯು 2018ರ ಜುಲೈ ತಿಂಗಳಿನಲ್ಲಿ ಅಂಗೀಕರಿಸಿತ್ತು. ಆದರೆ ರಾಜ್ಯಸಭೆಯ ಅಂಗೀಕಾರ ದೊರೆಯದೆ, 2019ರಲ್ಲಿ ಲೋಕಸಭೆಯು ವಿಸರ್ಜನೆಗೊಂಡಾಗ ಅದು ವ್ಯಪಗತವಾಯಿತು.

3. ವಿಧಾನಮಂಡಲದ ಮೇಲ್ವಿಚಾರಣಾ ಸಾಧನಗಳು

(ಅ) ಪ್ರಶ್ನೆಗಳು: ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಮೌಖಿಕವಾಗಿ ಉತ್ತರಿಸುತ್ತಾರೆ, ಅದರ ಮೇಲೆ ಉಪಪ್ರಶ್ನೆಗಳನ್ನು ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಒದಗಿಸಲಾಗುತ್ತದೆ. ದಾಖಲಾದ ಪ್ರಕರಣಗಳು, ಸಲ್ಲಿಸಲಾದ ದೋಷಾರೋಪಣಾ ಪಟ್ಟಿಗಳು, ಪುನರ್ವಸತಿ ಪಡೆದವರ ಸಂಖ್ಯೆ ಮುಂತಾದ ಅಂಕಿ ಅಂಶಗಳನ್ನು ಈ ಮೂಲಕ ಕೇಳಬಹುದಾಗಿದೆ.

(ಆ) ಸರ್ಕಾರಿ ಭರವಸೆಗಳ ಸಮಿತಿ: ಸಚಿವರು ಸದನದಲ್ಲಿ ನೀಡಿದ ಭರವಸೆ ಈಡೇರಿದೆಯೇ ಎಂಬುದನ್ನು ಪರಿಶೀಲಿಸುತ್ತದೆ.

(ಇ) ಮಹಿಳೆಯರ ಮತ್ತು ಮಕ್ಕಳ ಕಲ್ಯಾಣ ಸಮಿತಿ: ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ಯೋಜನೆಗಳ ಅನುಷ್ಠಾನವನ್ನು ಪರಿಶೀಲಿಸಿ ಸದನಕ್ಕೆ ವರದಿ ಸಲ್ಲಿಸುತ್ತದೆ.

(ಈ) ಸಾರ್ವಜನಿಕ ಲೆಕ್ಕಪತ್ರ ಸಮಿತಿ: ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರ ವರದಿಗಳನ್ನು 151ನೇ ಅನುಚ್ಛೇದದಂತೆ ರಾಜ್ಯಪಾಲರ ಮೂಲಕ ಸದನದ ಮುಂದಿಡಲಾಗುತ್ತದೆ. ಮಂಜೂರಾದ ಹಣವು ಉದ್ದೇಶಿತ ಕಾರ್ಯಕ್ಕೆ ವೆಚ್ಚವಾಗಿದೆಯೇ ಎಂಬುದು ಈ ಸಮಿತಿಯ ಪರಿಶೀಲನಾ ವಿಷಯವಾಗಿದೆ.

(ಉ) ಅರ್ಜಿಗಳ ಸಮಿತಿ: ಸಾರ್ವಜನಿಕರು ಸದನವನ್ನು ಉದ್ದೇಶಿಸಿ ಬರೆದ, ಶಾಸಕರ ಮೂಲಕ ಮಂಡಿಸಲಾದ ಅರ್ಜಿಗಳನ್ನು ಪರಿಶೀಲಿಸುತ್ತದೆ. ನ್ಯಾಯಾಲಯದ ವಿಚಾರಣೆಯಲ್ಲಿರುವ ವಿಷಯಗಳು ಇದರ ವ್ಯಾಪ್ತಿಗೆ ಬರುವುದಿಲ್ಲ.

4. ದಾಖಲೆಯ ಮಹತ್ವ

ಸದನವು ಸ್ವತಃ ತನಿಖೆ ನಡೆಸುವುದಿಲ್ಲ. ಪರಿಹಾರವನ್ನೂ ಮಂಜೂರು ಮಾಡುವುದಿಲ್ಲ. ಸದನಕ್ಕೆ ನೀಡಲಾಗುವ ಉತ್ತರವು ಪೊಲೀಸ್ ಠಾಣೆ ಹಾಗೂ ತಾಲ್ಲೂಕು ಮತ್ತು ಜಿಲ್ಲಾ ಕಚೇರಿಗಳ ದಾಖಲೆಗಳನ್ನು ಆಧರಿಸಿ ಸಿದ್ಧವಾಗುತ್ತದೆ. ದಾಖಲೆಯಲ್ಲಿ ಇಲ್ಲದ ವ್ಯಕ್ತಿಯು ಉತ್ತರದ ಅಂಕಿಯಲ್ಲಿಯೂ ಇರುವುದಿಲ್ಲ.

ಉದಾಹರಣೆಗೆ, ಇಟ್ಟಿಗೆ ಗೂಡಿನಿಂದ ಒಂದು ಕುಟುಂಬವನ್ನು ಬಿಡಿಸಿ, ಬಿಡುಗಡೆ ಪತ್ರ ನೀಡದೆ ಸ್ವಂತ ಊರಿಗೆ ಕಳುಹಿಸಿಕೊಟ್ಟಲ್ಲಿ, ಆ ಕುಟುಂಬವು ಪುನರ್ವಸತಿ ನೆರವಿನಿಂದ ವಂಚಿತವಾಗುತ್ತದೆ. "ಬಿಡುಗಡೆಗೊಂಡ ಜೀತ ಕಾರ್ಮಿಕರೆಷ್ಟು?" ಎಂಬ ಶಾಸಕರ ಪ್ರಶ್ನೆಗೆ ದೊರೆಯುವ ಉತ್ತರದಲ್ಲಿಯೂ ಆ ಕುಟುಂಬದ ಲೆಕ್ಕ ಸೇರುವುದಿಲ್ಲ. ಸಂಖ್ಯೆ ಕಡಿಮೆ ಇದ್ದ ಮಾತ್ರಕ್ಕೆ ಅಪರಾಧ ಕಡಿಮೆ ಇದೆ ಎಂದು ಭಾವಿಸಲಾಗದು.

5. ಸಂತ್ರಸ್ತರಿಗೆ ಲಭ್ಯವಿರುವ ಸೌಲಭ್ಯಗಳು

* ಜೀತ ವಿಮುಕ್ತರಿಗೆ ಜಿಲ್ಲಾಡಳಿತದಿಂದ 30,000 ರೂ.ಗಳವರೆಗೆ ತಕ್ಷಣದ ನೆರವು. ನಂತರ ಕೇಂದ್ರ ಯೋಜನೆಯಡಿ ವರ್ಗಾನುಸಾರ 1 ಲಕ್ಷ, 2 ಲಕ್ಷ ಅಥವಾ 3 ಲಕ್ಷ ರೂ.ಗಳ ಪುನರ್ವಸತಿ ನೆರವು. 1976ರ ಅಧಿನಿಯಮದಂತೆ ಜೀತದ ಸಾಲವು ರದ್ದಾಗಿರುತ್ತದೆ, ಅದನ್ನು ಮರುಪಾವತಿಸಬೇಕಾಗಿಲ್ಲ.
* ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ 12ನೇ ಪ್ರಕರಣದಂತೆ, ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು.
* ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ಸಂತ್ರಸ್ತರ ಪರಿಹಾರಕ್ಕೆ ಅರ್ಜಿ ಸಲ್ಲಿಸುವ ಅವಕಾಶ.

6. ಸಾರ್ವಜನಿಕರು ಅನುಸರಿಸಬೇಕಾದ ಕ್ರಮ

(1) ಕೃತ್ಯ ನಡೆದ ಸ್ಥಳ ಯಾವುದೇ ಇರಲಿ, ಸಮೀಪದ ಪೊಲೀಸ್ ಠಾಣೆಯಲ್ಲಿ ದೂರು ನೀಡಬಹುದು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ನೀಡತಕ್ಕದ್ದು.

(2) ಜೀತದ ಪ್ರಕರಣಗಳಲ್ಲಿ ಉಪವಿಭಾಗಾಧಿಕಾರಿಗಳಿಗೆ ಅಥವಾ ಜಿಲ್ಲಾಧಿಕಾರಿಗಳಿಗೆ ಲಿಖಿತ ಮನವಿ ಸಲ್ಲಿಸಿ ಬಿಡುಗಡೆ ಪತ್ರವನ್ನು ಪಡೆದುಕೊಳ್ಳುವುದು. ಮನವಿಗೆ ತಪ್ಪದೆ ಸ್ವೀಕೃತಿ ಪಡೆಯುವುದು.

(3) ಅರ್ಜಿಯು ವಿಲೇವಾರಿಯಾಗದಿದ್ದಲ್ಲಿ, ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅದರ ಸ್ಥಿತಿಗತಿಯನ್ನು ಕೇಳಬಹುದು. ಉತ್ತರಕ್ಕೆ ನಿಗದಿತ ಅವಧಿ 30 ದಿನಗಳು. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದಲ್ಲಿ 48 ಗಂಟೆಗಳು.

(4) ಬಳಿಕವೂ ಕ್ರಮವಾಗದಿದ್ದಲ್ಲಿ, ದೂರಿನ ಸಂಖ್ಯೆ, ದಿನಾಂಕ ಮತ್ತು ಸ್ವೀಕೃತಿಯ ಪ್ರತಿಗಳೊಂದಿಗೆ ಕ್ಷೇತ್ರದ ಶಾಸಕರಿಗೆ ಅಥವಾ ವಿಧಾನ ಪರಿಷತ್ತಿನ ಸದಸ್ಯರಿಗೆ ಮನವಿ ಸಲ್ಲಿಸಬಹುದು. ನಿರ್ದಿಷ್ಟ ವಿವರಗಳಿದ್ದಲ್ಲಿ ಸದನದಲ್ಲಿ ನಿರ್ದಿಷ್ಟವಾಗಿ ಪ್ರಶ್ನಿಸಲು ಅನುಕೂಲವಾಗುತ್ತದೆ.

7. ವಿಶೇಷ ಸೂಚನೆ

ಲೈಂಗಿಕ ಅಪರಾಧಕ್ಕೆ ಒಳಗಾದವರ ಹಾಗೂ ಮಕ್ಕಳ ಹೆಸರು, ಭಾವಚಿತ್ರ ಅಥವಾ ಗುರುತನ್ನು ಬಹಿರಂಗಪಡಿಸುವುದು ಶಿಕ್ಷಾರ್ಹವಾಗಿದೆ. ಶಾಸಕರಿಗೆ ಸಲ್ಲಿಸುವ ಮನವಿಯಲ್ಲಿಯೂ ಹೆಸರಿನ ಬದಲು ಪ್ರಕರಣದ ಸಂಖ್ಯೆಯನ್ನು ಮಾತ್ರ ನಮೂದಿಸುವುದು ಸೂಕ್ತ.

ತುರ್ತು ಸಂದರ್ಭದಲ್ಲಿ 112, ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181 ಹಾಗೂ ಕಾನೂನು ನೆರವಿಗೆ 15100 ಸಂಖ್ಯೆಗಳಿಗೆ ಕರೆ ಮಾಡಬಹುದಾಗಿದೆ.